ಮುರುಮ ಕಾಣೋ ಇಳಿಜಾರಿನ ಹೊಲದಾಗ ಹುಲ್ಲು ಹತ್ತವಲ್ದು, ಏನ್ ಮಾಡ್ಲಿ?

ಪ್ರಶ್ನೆ (ಔರಾದ ತಾಲೂಕು, ಬೀದರ)

ಸರ್ ನಮಸ್ಕಾರ್ರಿ. ಗುಡ್ಡದ ಬಾಜೂಕ ನಮ್ದು ನಾಲ್ಕು ಎಕರೆ ಹೊಲ ಅದ. ಅಜ್ಜನ ಕಾಲಕ್ಕ ಅದರಾಗ ಹೆಸರು, ಉದ್ದು, ಸಾವಿ ಬೆಳೀತಿದ್ರಂತ. ಈಗ ಮ್ಯಾಲಿನ ಮಣ್ಣೆಲ್ಲಾ ಹೋಗಿ ಕೆಂಪು ಮುರುಮ (ಹರಳಿನ ಗಟ್ಟಿ ನೆಲ) ಹಲ್ಲು ಕಿಸದಂಗ ಕಾಣ್ತದ. ಹದಿನೈದು ವರ್ಷದಿಂದ ಬೀಳು ಬಿದ್ದದ. ನಡುವ ಎರಡು ಕೊರಕಲು ಬಿದ್ದಾವ, ಒಂದರಾಗ ನಿಂತ್ರ ನನ್ನ ಎದೀಮಟ ಬರ್ತದ. ಮನ್ಯಾಗ ಎರಡು ದೇವಣಿ ಆಕಳ, ಒಂದು ಹೋರಿಗರ, ಹನ್ನೆರಡು ಆಡು ಅವ. ಬ್ಯಾಸಿಗ್ಯಾಗ ಕಣಕಿ ಕೊಂಡು ಕೊಂಡು ಸಾಕಾಗ್ಯದ.

ಹ್ವಾದ ವರ್ಷ ಅಂಗಡಿಯಿಂದ ಹುಲ್ಲಿನ ಬೀಜ ತಂದೆ. ಟ್ರ್ಯಾಕ್ಟರ್ ಹೊಡಸಿ ಕೈಲೆ ಚೆಲ್ಲಿದೆ. ಎಂಟು ದಿನಕ್ಕ ಒಂದು ದೊಡ್ಡ ಮಳಿ ಬಂತು. ನಮ್ ಹೊಲದಾಗ ಒಂದು ಕಡ್ಡಿ ಹತ್ತಲಿಲ್ಲ. ಕೆಳಗಿನ ಹೊಲದವರ ಬದುವಿಗಿ ಮಾತ್ರ ಮಸ್ತ್ ಹುಲ್ಲು ಬಂತು. ಕೊಯ್ಕೊಂಡು ಹೋಗೋವಾಗ "ನಿನ್ನ ಹುಲ್ಲು ಭಾಳ ಚಲೋ ಅದ" ಅಂತ ನಗ್ತಾರ. ಈ ಸಲ ಯಾವ ಬೀಜ ತರ್ಲಿ? ಎರಡು ಸಲ ಟ್ರ್ಯಾಕ್ಟರ್ ಹೊಡಸಲೇನು? ಬಸವ ಜಯಂತಿ ಮುಗೀತು, ಮಿರಗಕ್ಕ ಇನ್ನ ಒಂದು ತಿಂಗಳ ಅದ.

ಉತ್ತರ

ನಮಸ್ಕಾರ. ಕೆಳಗಿನವರ ಬದುವಿಗೆ ಹುಲ್ಲು ಬಂತು ಅಂದ್ರಲ್ಲ, ಹಾಗಾದರೆ ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ಬೀಜ ಸತ್ತಿದ್ದರೆ ಅಲ್ಲೂ ಹುಟ್ಟುತ್ತಿರಲಿಲ್ಲ. ನಿಮ್ಮ ಹೊಲದ ಮಣ್ಣೇ ಒಂದಿಷ್ಟು ನೀರಿನ ಸಂಗಡ ಕೆಳಗಿಳಿದು ಹೋಗಿದೆ, ಬೀಜವೂ ಅದರ ಬೆನ್ನ ಮೇಲೆ ಕೂತು ಹೋಗಿದೆ ಅಷ್ಟೆ.

ಒಂದು ಲೆಕ್ಕ ನೋಡ್ರಿ. 50 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಗೆ ಸುಮಾರು 2 ಲಕ್ಷ ಲೀಟರ್ ನೀರು. ಬರಿ ಮುರುಮದ ಇಳಿಜಾರಿನಲ್ಲಿ ಅರ್ಧ ನೀರು ಹರಿದು ಹೋಯಿತು ಅಂತ ಹಿಡಿದರೂ ಎಕರೆಗೆ 1 ಲಕ್ಷ ಲೀಟರ್ ಆಯಿತು. ನಮ್ಮ ನೀರಿನ ಟ್ಯಾಂಕರ್ 5 ಸಾವಿರ ಲೀಟರಿನದು ಅಂದರೆ, ಇಪ್ಪತ್ತು ಟ್ಯಾಂಕರ್ ಒಟ್ಟಿಗೆ ನಲ್ಲಿ ಬಿಟ್ಟಂಗೆ. ಅದರ ಎದುರು ಅಂಜನ್‌ನಂಥ ಮೇವಿನ ಹುಲ್ಲಿನ ಬೀಜ ಏನು ನಿಂತೀತು? ಊದಿದರೆ ಹಾರುತ್ತದೆ ಅದು. ಬೀದರಿನಲ್ಲಿ ವರ್ಷಕ್ಕೆ 800 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಹುಲ್ಲಿಗೆ ಇಷ್ಟು ಮಳೆ ಧಾರಾಳ ಸಾಕು. ಬಿದ್ದ ನೀರು ಹೊಲದಾಗ ನಿಲ್ಲೋದಿಲ್ಲ ಅನ್ನೋದೇ ನಿಮ್ಮ ತೊಂದರೆ.

ಅದಕ್ಕೆ ಮೊದಲ ಮಾತು: ಟ್ರ್ಯಾಕ್ಟರ್ ಬೇಡ. ಒಂದು ಸಲವೂ ಬೇಡ. ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತಿದ್ದೇನೆ. ಜಲಾನಯನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿಂಚೋಳಿ ಕಡೆ ಒಂದು ಇಳಿಜಾರನ್ನು ಪೂರ್ತಿ ಹೊಡೆಸಿದೆ. ಇದ್ದ ಹುಲ್ಲನ್ನೆಲ್ಲ ಕಿತ್ತು, ನೋಡೋರಿಗೆ ಚಂದ ಕಾಣುವ ಹಾಗೆ ಹದ ಮಾಡಿಸಿದೆ. ಟ್ರ್ಯಾಕ್ಟರಿನವನು ತಿರುಗಿಸಲು ಸಸಾರ ಅಂತ ಮೇಲಿಂದ ಕೆಳಗೆ ಹೊಡೆದ, ನಾನು ಸುಮ್ಮನಿದ್ದೆ. ಪುಷ್ಯ ಮಳೆಗೆ ಪ್ರತಿ ಸಾಲೂ ಒಂದೊಂದು ಮರಿ ನಾಲಾ ಆಯಿತು. ಆ ಹೊಲದ ಯಜಮಾನರು ಏನೂ ಅನ್ನಲಿಲ್ಲ, ಚಹಾ ಕೊಟ್ಟು ಕಳಿಸಿದರು. ಆ ಚಹಾ ಇನ್ನೂ ಗಂಟಲಲ್ಲೇ ಇದೆ.

ಈಗ ನೀವು ಹೊಲಕ್ಕೆ ಹೋಗಿ ಎರಡು ಸಂಗತಿ ನೋಡಿ ಬರೆಯಿರಿ. ಒಂದು, ಈಗ ಅಲ್ಲಿ ಏನೇನು ಬೆಳೆದಿದೆ: ಕರಕಿ, ಬಟ್ಟೆಗೆ ಚುಚ್ಚುವ ಊಬಿನ ಹುಲ್ಲು, ಏನಾದರೂ ಸರಿ, ಎಲ್ಲಿ ಇದೆ, ಎಲ್ಲಿ ಇಲ್ಲ. ಎರಡು, ಇಳಿಜಾರು ಎಷ್ಟು. ಅದಕ್ಕೆ ಯಂತ್ರ ಬೇಕಿಲ್ಲ. ಹತ್ತು ಅಡಿಯ ನೇರ ಬಿದಿರು ತಗೊಂಡು ಒಂದು ತುದಿಯನ್ನು ಮೇಲಿನ ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆ ಗಾಳಿಯಲ್ಲಿ ಹಿಡಿಯಿರಿ. ಬಿದಿರಿನ ಮೇಲೆ ಅರ್ಧ ನೀರು ತುಂಬಿದ ಬಾಟಲಿ ಮಲಗಿಸಿರಿ. ಬಾಟಲಿಯೊಳಗಿನ ನೀರು ಸಮ ಆದಾಗ, ಕೆಳಗಿನ ತುದಿಯಿಂದ ನೆಲಕ್ಕೆ ಎಷ್ಟು ಇಂಚು ಅಂತ ಅಳೆಯಿರಿ. ನಾಲ್ಕೈದು ಕಡೆ ಅಳೆಯಿರಿ.

ಔರಾದಿನವರು

ನೋಡ್ದೆ ಸರ್. ಮ್ಯಾಲಿನ ಕಡಿ 14 ಇಂಚ ಬಂತು, ನಡುವ 10, ಕೆಳಗ 9. ಕರಕಿ ಎಲ್ಲೂ ಇಲ್ಲ, ಕೆಳಗಿನ ಮೂಲ್ಯಾಗ ಇಷ್ಟ ಅದ. ಊಬಿನ ಹುಲ್ಲು ಅಲ್ಲಲ್ಲಿ ಬುಡ್ಡಿ ಬುಡ್ಡಿ ಅದ. ಅದನ್ನ ಕಡದು ತಗದು ಚಲೋ ಹುಲ್ಲು ಹಚ್ಚಬೇಕು ಅಂತ ಇತ್ತು. ಆಡಿನ ಬಾಯಿಗಿ ಚುಚ್ಚತದ ಅದು.

ಉತ್ತರ

ಕಡಿಯಬೇಡಿ! ಆ ಬುಡ್ಡಿ ಹುಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಮ್ಮೆ ನೋಡ್ರಿ. ಅದರ ಮೇಲಿನ ಬದಿಯಲ್ಲಿ ಎರಡು ಮೂರು ಇಂಚು ಸಣ್ಣ ಮಣ್ಣು ಕೂಡಿರುತ್ತದೆ, ಕೆಳಗಿನ ಬದಿಯಲ್ಲಿ ಬರಿ ಹರಳು. ನಿಮ್ಮ ಹೊಲದಲ್ಲಿ ಅಜ್ಜನ ಕಾಲದ ಮಣ್ಣು ಉಳಿದಿದ್ದರೆ ಆ ಬುಡ್ಡಿಗಳ ಹಿಂದೆ ಮಾತ್ರ ಉಳಿದಿದೆ. ಊಬು ಚುಚ್ಚುವುದು ಹೂ ಬಿಟ್ಟು ಒಣಗಿದ ಮೇಲೆ. ಹೂವಿಗೆ ಮುಂಚೆ ಕೊಯ್ದು ಹಾಕಿದರೆ ಆಕಳೂ ತಿನ್ನುತ್ತದೆ, ಆಡೂ ತಿನ್ನುತ್ತದೆ. ಚಲೋ ಹುಲ್ಲು ಬಂದು ತುಂಬಿಕೊಂಡ ಮೇಲೆ ಅದು ತಾನೇ ಹಿಂದೆ ಸರಿಯುತ್ತದೆ. ಅಲ್ಲಿಯವರೆಗೆ ಅದು ನಿಮ್ಮ ಕೂಲಿ ಕೇಳದ ಆಳು.

ಇನ್ನು ಇಳಿಜಾರು. ಮೂರು ಅಡಿ ಎತ್ತರ ಇಳಿದಾಗೊಮ್ಮೆ ನೀರನ್ನು ತಡೆಯಬೇಕು. ನೀವು ಅಳೆದ ಇಂಚಿನಿಂದ 360ನ್ನು ಭಾಗಿಸಿದರೆ ಎಷ್ಟು ಅಡಿಗೊಂದು ಗುಂಡಿ ಸಾಲು ಅಂತ ಸಿಗುತ್ತದೆ. 9 ಇಂಚಿಗೆ 40 ಅಡಿ, 10 ಇಂಚಿಗೆ 36 ಅಡಿ, 14 ಇಂಚಿಗೆ ಸುಮಾರು 26 ಅಡಿ. ಮೇಲೆ ಸಾಲು ಹತ್ತಿರ ಹತ್ತಿರ, ಕೆಳಗೆ ದೂರ ದೂರ.

ಸಾಲು ಸಮಪಾತಳಿಯಲ್ಲಿ, ಅಂದರೆ ಉದ್ದಕ್ಕೂ ಒಂದೇ ಎತ್ತರದಲ್ಲಿ ಇರಬೇಕು, ಕಣ್ಣಂದಾಜಿಗೆ ಹೋದರೆ ಕೆಟ್ಟಿರಿ. ಏಳು ಅಡಿಯ ಎರಡು ಕಟ್ಟಿಗೆ ತಂದು ತಲೆ ಕಡೆ ಬಿಗಿದು, ಕಾಲು ಅಗಲಿಸಿ, ನಡುವೆ ಅಡ್ಡ ಕಟ್ಟಿಗೆ ಬಡಿಯಿರಿ. ಇಂಗ್ಲಿಷಿನ A ಅಕ್ಷರದಂಗೆ ನಿಲ್ಲುತ್ತದೆ. ತಲೆಯಿಂದ ದಾರಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಡಿ. ಎರಡು ಕಾಲನ್ನೂ ನೆಲದಲ್ಲಿ ಗುರುತು ಮಾಡಿದ ಎರಡು ಜಾಗದಲ್ಲಿ ಇಟ್ಟು, ದಾರ ಅಡ್ಡ ಕಟ್ಟಿಗೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಗೀಟು ಹಾಕಿ. ಈಗ ಕಾಲು ಅದಲು ಬದಲು ಮಾಡಿ, ಅದೇ ಎರಡು ಜಾಗದಲ್ಲೇ ಇಟ್ಟು, ಇನ್ನೊಂದು ಗೀಟು ಹಾಕಿ. ಎರಡು ಗೀಟಿನ ನಟ್ಟನಡುವೆ ಮೂರನೇ ಗೀಟು. ದಾರ ಆ ಗೀಟಿಗೆ ಬಂದಾಗ ಎರಡೂ ಕಾಲು ಸಮ ಎತ್ತರದಲ್ಲಿವೆ ಅಂತ ಅರ್ಥ. ಹೀಗೆ ಒಂದು ಕಾಲು ಊರಿ ಇನ್ನೊಂದು ಕಾಲು ತಿರುಗಿಸುತ್ತಾ, ಸುಣ್ಣದ ಪುಡಿ ಹಾಕುತ್ತಾ ಹೊಲದ ಅಡ್ಡ ಹೋಗಿರಿ. ಸಾಲು ಹಾವಿನಂಗೆ ಸೊಟ್ಟಸೊಟ್ಟ ಬಂತು ಅಂತ ನೇರ ಮಾಡಲು ಹೋಗಬೇಡಿ, ಆ ಸೊಟ್ಟೇ ಸರಿ.

ಆ ಸಾಲಿನ ಮೇಲೆ ಗುಂಡಿ: ಉದ್ದ ಹತ್ತು ಅಡಿ, ಅಗಲ ಒಂದೂವರೆ, ಆಳ ಒಂದೂವರೆ. ಐದು ಅಡಿ ಬಿಟ್ಟು ಇನ್ನೊಂದು. ಕೆಳಗಿನ ಸಾಲಿನ ಗುಂಡಿ ಮೇಲಿನ ಸಾಲಿನ ಖಾಲಿ ಜಾಗದ ಎದುರಿಗೆ ಬರಬೇಕು, ಇಟ್ಟಂಗಿ ಕಟ್ಟಿದ ಹಾಗೆ. ತೆಗೆದ ಮಣ್ಣನ್ನು ಕೆಳಗಿನ ಬದಿಗೇ ಹಾಕಿ, ಗುಂಡಿಯ ದಂಡೆಯಿಂದ ಒಂದು ಅಡಿ ಬಿಟ್ಟು. ಮೇಲಿನ ಬದಿಗೆ ಹಾಕಿದರೆ ಮೊದಲ ಮಳೆಗೇ ಅದೇ ಮಣ್ಣು ಗುಂಡಿ ತುಂಬುತ್ತದೆ. ಗಟ್ಟಿ ಮುರುಮದಲ್ಲಿ ಒಬ್ಬ ಆಳು ದಿನಕ್ಕೆ ಎರಡು ಗುಂಡಿ ತೆಗೆದರೆ ದೊಡ್ಡದು. ಒಂದು ಅಡ್ಡಮಳೆ ಬಿದ್ದು ನೆಲ ಮೆತ್ತಗಾಗಲಿ, ಆಮೇಲೆ ಗುದ್ದಲಿ ಹಾಕಿ. ಅಂಗೈ ಉಳಿಯುತ್ತದೆ.

ಒಂದು ಗುಂಡಿಗೆ ಸುಮಾರು 640 ಲೀಟರ್ ನೀರು ಹಿಡಿಯುತ್ತದೆ. ಅರ್ಧ ಎಕರೆಗೆ ನಲವತ್ತು ಗುಂಡಿ ಬಂದರೆ 25 ಸಾವಿರ ಲೀಟರಿನ ಮೇಲೆ. ಆಗಲೇ ಹೇಳಿದ ದೊಡ್ಡ ಮಳೆಯಲ್ಲಿ ಅರ್ಧ ಎಕರೆಯಿಂದ ಓಡುವ ನೀರು 50 ಸಾವಿರ ಲೀಟರ್. ಅಂದರೆ ಅರ್ಧ ಹಿಡಿಯುತ್ತದೆ, ಉಳಿದ ಅರ್ಧ ಓಡುತ್ತದೆ, ಆದರೆ ಓಟದ ಸೊಕ್ಕು ಮುರಿದಿರುತ್ತದೆ. ನಾಲ್ಕು ಎಕರೆ ಒಮ್ಮೆಗೇ ಹಚ್ಚಬೇಡಿ. ಈ ವರ್ಷ ಮೇಲಿನ ಅರ್ಧ ಎಕರೆ, ಬಹಳ ಆದರೆ ಒಂದು ಎಕರೆ. ಮೇಲಿನಿಂದಲೇ ಯಾಕೆ ಅಂದರೆ, ಹುಲ್ಲಿನ ಬೀಜ ನೀರಿನ ಸಂಗಡ ಕೆಳಗೆ ಇಳಿಯುತ್ತದೆ, ಮೇಲೆ ಹತ್ತುವುದಿಲ್ಲ. ಹೋದ ವರ್ಷ ಪಕ್ಕದವರಿಗೆ ಸಿಕ್ಕ ಪುಕ್ಕಟೆ ಹುಲ್ಲು ಈ ಸಲ ನಿಮ್ಮದೇ ಕೆಳಗಿನ ಮೂರು ಎಕರೆಗೆ ಸಿಗಲಿ.

ಔರಾದಿನವರು

ಮತ್ತ ಆ ಕೊರಕಲು? ಅದಕ್ಕ ಜೆಸಿಬಿ ತರ್ಸಿ ಮುಚ್ಚಬೇಕು ಅಂತ ಕಾಕಾ ಅಂತಾರ.

ಉತ್ತರ

ಕಾಕಾರಿಗೆ ಹೇಳಿ, ಮುಚ್ಚಿದ ಸಡಿಲ ಮಣ್ಣನ್ನು ನೀರು ಎರಡೇ ಮಳೆಯಲ್ಲಿ ಬಾಚಿಕೊಂಡು ಹೋಗುತ್ತದೆ, ಬಾಡಿಗೆ ಮಾತ್ರ ಉಳಿಯುತ್ತದೆ. ಹೊಲದಲ್ಲಿ ಬಿದ್ದ ಕಲ್ಲನ್ನೇ ಒಟ್ಟಿ ಅಡ್ಡ ತಡೆ ಕಟ್ಟಿ. ಕೊರಕಲಿನ ಬಾಯಿ ಎಲ್ಲಿ ಶುರು ಆಗುತ್ತದೋ ಅಲ್ಲಿಂದ ಕೆಳಕ್ಕೆ ಬನ್ನಿ. ಬುನಾದಿ ಒಂದು ಅಡಿ ಅಗೆದು, ದೊಡ್ಡ ಕಲ್ಲು ಕೆಳಗೆ, ಎತ್ತರ ಎರಡರಿಂದ ಮೂರು ಅಡಿ ಸಾಕು. ಎರಡೂ ಕಡೆ ದಂಡೆಯೊಳಗೆ ಕಲ್ಲು ಹೋಗಿ ಕಚ್ಚಿರಬೇಕು. ಮುಖ್ಯವಾದದ್ದು, ನಡುವೆ ತಗ್ಗು, ಬದಿಗೆ ಎತ್ತರ ಇರಲಿ. ಕುದುರೆ ಜೀನಿನ ಆಕಾರ ಅಂತ ತಿಳ್ಕೊಳ್ಳಿ. ಇದನ್ನು ಉಲ್ಟಾ ಮಾಡಿ ನಡುವೆ ಎತ್ತರಿಸಿದರೆ ನೀರು ಪಕ್ಕಕ್ಕೆ ಹೋಗಿ ದಂಡೆ ಕೊರೆಯುತ್ತದೆ, ಒಂದು ಕೊರಕಲಿದ್ದದ್ದು ಎರಡಾಗುತ್ತದೆ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡಕ್ಕೆ ಸಮ ಬರುವಷ್ಟು ದೂರದಲ್ಲಿ ಒಂದೊಂದು ಕಟ್ಟಿ. ಸಂದಿಗೆ ಗಾರೆ ಹಾಕಬೇಡಿ, ನೀರು ಸೋಸಿ ಹೋಗಬೇಕು, ಹೂಳು ನಿಲ್ಲಬೇಕು.

ಕಮೆಂಟ್ (ಭಾಲ್ಕಿ ತಾಲೂಕು)

ಇಷ್ಟೆಲ್ಲಾ ಯಾಕ್ರೀ, ನೇಪಿಯರ್ ಕಡ್ಡಿ ಊರಿದ್ರ ಆಯ್ತು. ನಮ್ ಬಾವಿ ಹೊಲದಾಗ ಆಳೆತ್ತರ ಬೆಳದದ.

ಉತ್ತರ

ಬಾವಿ ಹೊಲ ಅಂದ್ರಲ್ಲ, ಅಲ್ಲೇ ಮಾತು ಮುಗೀತು. ಸಿ.ಒ. 4, ಸಿ.ಒ. 5 ಅನ್ನುವ ನೇಪಿಯರ್ ತಳಿಗಳೆಲ್ಲ ನೀರು, ಗೊಬ್ಬರ ಕುಡಿದು ಬೆಳೆಯುವ ಜಾತಿ. ಮುರುಮದ ಇಳಿಜಾರಿಗೆ ಹಚ್ಚಿದರೆ ಮಳೆಗಾಲದಲ್ಲಿ ಮೊಣಕಾಲುದ್ದ ಬಂದು ದೀಪಾವಳಿಗೆ ಒಣಗುತ್ತದೆ. ಆದರೆ ನಿಮ್ಮ ಮಾತನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಕೊರಕಲಿನ ತಡೆಗಳ ಹಿಂದೆ ಒಂದು ವರ್ಷದಲ್ಲಿ ಹೂಳು ಕೂಡುತ್ತದೆ. ಇಡೀ ಹೊಲದಲ್ಲಿ ತಂಪು ಉಳಿಯುವ ಜಾಗ ಅದೊಂದೇ. ಔರಾದಿನವರು ಎರಡನೇ ವರ್ಷ ಅಲ್ಲಿ ಹತ್ತು ಕಡ್ಡಿ ಊರಲಿ, ನಿಮ್ಮ ಬಾವಿ ಹೊಲದಿಂದಲೇ ಕೊಡಿ.

ಔರಾದಿನವರು

ಬೀಜದ ಮಾತು ಇನ್ನಾ ಬರಲೇ ಇಲ್ಲ ಸರ್.

ಉತ್ತರ

ಈಗ ಬಂತು. ಕೆಂಪು ಮುರುಮದ ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದು ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಕೊಡುವುದಿಲ್ಲ. ಸಾರಜನಕ ಅಂತೂ ಮಣ್ಣಿನ ಜೊತೆಗೇ ಹೋಗಿದೆ. ಇಂಥಲ್ಲಿ ಬರಿ ಹುಲ್ಲು ಬಿತ್ತಿದರೆ ಹಳದಿಯಾಗಿ ನಿಂತುಬಿಡುತ್ತದೆ. ಅದಕ್ಕೆ ಜೊತೆಗೊಂದು ಕಾಳಿನ ಜಾತಿ ಬೇಕು. ಸ್ಟೈಲೋ ಅಂತ ಕೇಳಿರುತ್ತೀರಿ, ತಮಿಳಿನಲ್ಲಿ ಮುಯಲ್ ಮಸಾಲ್ ಅಂತಾರೆ. ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಕಟ್ಟಿಕೊಳ್ಳುತ್ತದೆ, ಬಡ ನೆಲದಲ್ಲೂ ಬೇರು ಇಳಿಸುತ್ತದೆ. ಅದರಲ್ಲಿ ಹಮಾಟಾ, ಸ್ಕಾಬ್ರಾ ಅಂತ ಎರಡು ಜಾತಿ ನೋಡಿ. ಹಮಾಟಾ ನೆಲಕ್ಕೆ ತಗ್ಗಾಗಿ ಹಬ್ಬಿ, ಬೇಗ ಬೀಜ ಉದುರಿಸಿ, ತಾನೇ ಮರುಹುಟ್ಟುತ್ತದೆ. ಸ್ಕಾಬ್ರಾ ಪೊದೆಯಂಗೆ ಬೆಳೆದು ಬೇಸಿಗೆ ತಡೆಯುತ್ತದೆ. ನಿಮಗೆ ಎರಡೂ ಬೆರೆಸಿ ಹಾಕಿ ಅಂತೀನಿ.

ಎಕರೆಗೆ ಸ್ಟೈಲೋ ಎರಡು ಕಿಲೋ, ಅಂಜನ್ ಎರಡು ಕಿಲೋ. ಅಂಜನ್ ಹುಲ್ಲು ನಿಜವಾಗಿ ಸುಣ್ಣದ ಅಂಶ ಇರುವ ನೆಲದ ಪ್ರಾಣಿ, ಹುಳಿ ಮುರುಮದಲ್ಲಿ ಅಷ್ಟು ಖುಷಿಯಾಗಿರುವುದಿಲ್ಲ. ಸ್ವಲ್ಪ ಮಣ್ಣು ಕೂಡಿದ ಜಾಗಕ್ಕೆ ಅದನ್ನು ಇಟ್ಟುಕೊಳ್ಳಿ, ಬರಿ ಮುರುಮಕ್ಕೆ ಸ್ಟೈಲೋ ಹೆಚ್ಚು ಹಾಕಿ. ಅಂಜನ್ ಬೀಜ ಈ ವರ್ಷ ಕೊಯ್ದದ್ದಾದರೆ ಬೇಡ, ಆರೆಂಟು ತಿಂಗಳು ಹಳೆಯದಾಗಿರಬೇಕು. ಹೊಸ ಬೀಜ ನಿದ್ದೆಯಲ್ಲಿರುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ (ಮುಖ್ಯ ಸಂಸ್ಥೆ 1962ರಿಂದ ಝಾನ್ಸಿಯಲ್ಲಿದೆ). ಹತ್ತಿರಕ್ಕೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಿ ನೋಡಿ.

ಬಿತ್ತುವ ಜಾಗ ಎರಡೇ: ಗುಂಡಿಯ ಕೆಳಗೆ ಹಾಕಿದ ಸಡಿಲ ಮಣ್ಣಿನ ಗುಡ್ಡೆ, ಗುಂಡಿಯ ಮೇಲಿನ ಮೂರು ಅಡಿ ಪಟ್ಟಿ. ಆ ಪಟ್ಟಿಯನ್ನು ಗುದ್ದಲಿಯಿಂದ ಇಳಿಜಾರಿಗೆ ಅಡ್ಡವಾಗಿ ಕೆದರಿ. ಉಳಿದ ನೆಲವನ್ನು ಮುಟ್ಟಬೇಡಿ. ಒಣ ನೆಲಕ್ಕೆ ಬಿತ್ತಬೇಡಿ, ಇರುವೆ ಸಾಲುಗಟ್ಟಿ ಹೊತ್ತೊಯ್ಯುತ್ತವೆ. ಮಿರಗದ ಎರಡು ಹದ ಮಳೆ ಆಗಿ, ನೆಲ ಗೇಣು ಆಳ ತೊಯ್ದ ಮೇಲೆ, ಆರಿದ್ರಾ ಹೊತ್ತಿಗೆ ಬಿತ್ತಿ. ಬೀಜದ ಐದಾರು ಪಟ್ಟು ಹಸಿ ಮಣ್ಣು ಬೆರೆಸಿಕೊಂಡರೆ ಗಾಳಿಗೆ ಹಾರುವುದಿಲ್ಲ. ಆಳಕ್ಕೆ ಹೋಗಬಾರದು, ಅರ್ಧ ಇಂಚಿನೊಳಗೆ. ಜಾಲಿ ಕಂಟಿಯ ಒಂದು ಕೊಂಬೆ ಅಡ್ಡ ಎಳೆದರೆ ಸಾಕು. ಮೇಲೆ ತೊಗರಿ ಕಟ್ಟಿಗೆ ಇದೆಯಲ್ಲ, ಒಲೆಗೆ ಹಾಕುವುದು, ಅದನ್ನು ಇಳಿಜಾರಿಗೆ ಅಡ್ಡ ತೆಳ್ಳಗೆ ಹಾಸಿ ಅಲ್ಲಲ್ಲಿ ಕಲ್ಲು ಹೇರಿ. ಹನಿಯ ಪೆಟ್ಟು ತಪ್ಪುತ್ತದೆ, ಬೀಜ ಓಡುವುದಿಲ್ಲ, ಆಡು ಬಾಯಿ ಹಾಕಲೂ ತ್ರಾಸು.

ಗೊಬ್ಬರಕ್ಕೆ ಒಂದು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ತಗೊಂಡು ಪಟ್ಟಿಯಲ್ಲಿ ಮಾತ್ರ, ಬೀಜದ ಹತ್ತಿರವೇ ಹಾಕಿ. ಹೊಲವೆಲ್ಲ ಚೆಲ್ಲಿದರೆ ಮುರುಮ ನುಂಗುತ್ತದೆ. ತಿಪ್ಪೆ ಗೊಬ್ಬರ ಇದ್ದಷ್ಟು ಅಲ್ಲೇ. ಯೂರಿಯಾ ಬೇಡ: ಯೂರಿಯಾ ಕಂಡ ಹುಲ್ಲು ಎದ್ದು ಸ್ಟೈಲೋವನ್ನು ಮುಚ್ಚಿಬಿಡುತ್ತದೆ.

ಪ್ರಶ್ನೆ (ಹುಮನಾಬಾದ ತಾಲೂಕು)

ಸರ್, ನಾನು ಸ್ಟೈಲೋ ಬೀಜ ಬಿಸಿನೀರಾಗ ಹಾಕಿ ಬಿತ್ತಿದ್ದೆ, ಒಂದೂ ಹುಟ್ಟಲಿಲ್ಲ. ನಮ್ಮ ಮನೆಯವ್ರು ಹಾಂಗೇ ಬಿತ್ತಿದ್ದು ಹತ್ತರಾಗ ಒಂದು ಹುಟ್ಟಿತು. ಯಾವುದು ಖರೆ?

ಉತ್ತರ

ನೀವು ಬೇಯಿಸಿದಿರಿ, ಅವರು ಎಬ್ಬಿಸಲಿಲ್ಲ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದಿಲ್ಲ. ಅದಕ್ಕೆ 80 ಡಿಗ್ರಿ ಬಿಸಿಯ ನೀರಿನಲ್ಲಿ ನಾಲ್ಕು ನಿಮಿಷ ಅಂತ ಹೇಳುವುದು. ಹಳ್ಳಿಯಲ್ಲಿ ಥರ್ಮಾಮೀಟರ್ ಎಲ್ಲಿ ತರುವುದು? ಮೂರು ಲೋಟ ಕಳಕಳ ಕುದಿಯುವ ನೀರಿಗೆ ಒಂದು ಲೋಟ ಕೊಡದ ನೀರು ಹಾಕಿ. ಹೆಚ್ಚುಕಮ್ಮಿ 80ಕ್ಕೆ ಬರುತ್ತದೆ. ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿರಬೇಕು. ಕಾಲು ಕಿಲೋ ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲ ಗಂಟು ಕಟ್ಟಿ ಅದ್ದಿ, ಮೊಬೈಲಿನಲ್ಲಿ ನಾಲ್ಕು ನಿಮಿಷ ಇಟ್ಟುಕೊಳ್ಳಿ, ಗಂಟೆ ಹೊಡೆದ ತಕ್ಷಣ ತಣ್ಣೀರಿಗೆ. ರಾತ್ರಿಯೆಲ್ಲ ತಣ್ಣೀರಲ್ಲಿರಲಿ, ಬೆಳಿಗ್ಗೆ ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ. ಅದಕ್ಕೇ ಮಳೆ ನೋಡಿಕೊಂಡು ಬಿಸಿನೀರು ಇಡಿ, ಬಿಸಿನೀರು ಇಟ್ಟು ಮಳೆ ಕಾಯಬೇಡಿ.

ಎಲ್ಲಾ ಬೀಜ ಅದ್ದುವ ಮೊದಲು ನೂರು ಕಾಳು ಎಣಿಸಿ, ಹೀಗೇ ಮಾಡಿ, ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿಡಿ. ಹತ್ತು ದಿನಕ್ಕೆ ಎಷ್ಟು ಮೊಳೆತವೋ ಅಷ್ಟು ನಿಮ್ಮ ಬೀಜದ ಬೆಲೆ.

ಪ್ರಶ್ನೆ (ಸುರಪುರ ತಾಲೂಕು, ಯಾದಗಿರಿ)

ನಮ್ಮದು ಗುಂಡುಗಲ್ಲಿನ ಗುಡ್ಡದ ಬುಡ, ಉಸುಕು ಕೂಡಿದ ಮಸಾರಿ. ಮಳೀನೂ ನಿಮ್ಮ ಕಡಿಯಷ್ಟು ಇಲ್ಲ. ಇದೇ ಲೆಕ್ಕ ನಡೀತೈತೇನ್ರಿ?

ಉತ್ತರ

ಗುಂಡಿಯ ಲೆಕ್ಕ ಅದೇ. ಬೀಜದಲ್ಲಿ ಅಂಜನ್ ಹೆಚ್ಚು ಮಾಡಿ, ಉಸುಕು ಮಸಾರಿ ಅಂದರೆ ಅದಕ್ಕೆ ತವರುಮನೆ. ಜೊತೆಗೆ ಸ್ಕಾಬ್ರಾ. ನಿಮ್ಮಲ್ಲಿ ದೊಡ್ಡ ಗುಂಡುಗಲ್ಲಿನ ಮೇಲಿನಿಂದ ಸುರಿಯುವ ನೀರು ಬುಡದಲ್ಲಿ ಗುಂಡಿ ಹೊಡೆಯುತ್ತದೆ ನೋಡಿ, ಅಲ್ಲಿ ಮೊದಲು ಕಲ್ಲು ಹಾಸಿ.

ಪ್ರಶ್ನೆ (ಚಿತ್ತಾಪುರ ತಾಲೂಕು, ಕಲಬುರಗಿ)

ನಮ್ಮದು ಎರಿ ಹೊಲ, ಆದ್ರ ನಾಲಾದ ಕಡಿ ಇಳಕಲು ಅದ. ಗುಂಡಿ ತೋಡ್ಲೇನು?

ಉತ್ತರ

ತೋಡಬೇಡಿ. ಎರೆ ಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಬೇಸಿಗೆಯಲ್ಲಿ ಬಿರುಕು. ಸಮಪಾತಳಿ ಒಡ್ಡು ಹಾಕಿದರೆ ನೀರು ನಿಂತು, ಬಿರುಕಿನಲ್ಲಿ ನುಗ್ಗಿ ಒಡ್ಡೇ ಒಡೆಯುತ್ತದೆ. ನಿಮಗೆ ನೀರನ್ನು ನಿಧಾನವಾಗಿ ಬದಿಗೆ ನಡೆಸಿಕೊಂಡು ಹೋಗುವ, ಸ್ವಲ್ಪ ಇಳುಕು ಕೊಟ್ಟ ಒಡ್ಡು ಬೇಕು. ನೀರು ಹೊರಗೆ ಹೋಗುವ ದಾರಿಗೆ ಬೇರು, ಮಣ್ಣು ಸಮೇತ ಕರಕಿ ಹಚ್ಚಿ ಹಾಸಬೇಕು. ಹುಲ್ಲಿನಲ್ಲಿ ಮಾರ್ವೆಲ್ ಅನ್ನುವುದು ಎರೆಗೆ ಒಗ್ಗುತ್ತದೆ, ಸ್ಟೈಲೋ ನೀರು ನಿಂತರೆ ಕೊಳೆಯುತ್ತದೆ. ಇದಕ್ಕೆ ಬೇರೆಯೇ ಪ್ರಶ್ನೆ ಹಾಕಿ, ಫೋಟೋ ಸಮೇತ.

ಕಮೆಂಟ್ (ಬಸವಕಲ್ಯಾಣ ತಾಲೂಕು)

ಅಣ್ಣಾ, ಎಲ್ಲಾ ಖರೆ. ಆಡಿಗಿ ಯಾರು ಹೇಳೋರು? ನಾ ದಿನಾ ಆಡು ಕಾಯಾಕಿ. ರಾಶಿ ಆಗಿ ಹೊಲ ಬಯಲಾಯ್ತಂದ್ರ ಊರ ದನ ಎಲ್ಲಾ ಒಳಗ ಬರ್ತಾವ. ಗಂಡಸರು ಹುಲ್ಲು ಬಿತ್ತಿ ಫೋಟೋ ಹೊಡ್ಕೊಂಡು ಹೋಗ್ತಾರ, ಕಾಯೋದು ನಮ್ಗ ಬರ್ತದ.

ಉತ್ತರ

ಅಕ್ಕಾ, ಇಡೀ ಚರ್ಚೆಯಲ್ಲಿ ನಿಮ್ಮ ಮಾತೇ ತೂಕದ್ದು. ಮೊದಲ ವರ್ಷ ಒಂದು ಗೊರಸೂ ಒಳಗೆ ಬರಬಾರದು. ಸ್ಟೈಲೋ ಮೊದಲ ಎರಡು ತಿಂಗಳು ನಾಲ್ಕು ಬೆರಳೆತ್ತರ ಇರುತ್ತದೆ, ಕಣ್ಣಿಗೇ ಬೀಳುವುದಿಲ್ಲ. ಕೆಲಸ ಕೆಟ್ಟಿತು ಅಂದುಕೊಂಡು ಆಡು ಬಿಟ್ಟುಬಿಡುವುದು ಆಗಲೇ. ಕಾಯುವುದಕ್ಕೆ ತಂತಿ ಬೇಲಿ ಎಲ್ಲರಿಗೂ ಆಗುವುದಿಲ್ಲ. ಮೇಲಿನ ಅರ್ಧ ಎಕರೆಯಷ್ಟೇ ಮಾಡಿ ಅಂದದ್ದು ಅದಕ್ಕೂ ಹೌದು: ಅಷ್ಟನ್ನು ಕಂಟಿ ಹಚ್ಚಿ ಕಾಯಬಹುದು, ನಾಲ್ಕು ಎಕರೆಯನ್ನು ಆಗುವುದಿಲ್ಲ. ಹೊರ ಸುತ್ತಿಗೆ ಕತ್ತಾಳೆ ಸಾಲು ಈಗಲೇ ಹಚ್ಚಿ, ಮೂರನೇ ವರ್ಷಕ್ಕೆ ಬೇಲಿ ಆಗುತ್ತದೆ.

ಮೊದಲ ವರ್ಷ ಬೀಜ ಉದುರಿದ ಮೇಲೆ, ದೀಪಾವಳಿ ದಾಟಿ, ಕುಡಗೋಲಿನಿಂದ ಕೊಯ್ದು ಮನೆಗೆ ಒಯ್ಯಿರಿ. ನಾಲ್ಕು ಬೆರಳು ಬುಡ ಬಿಡಿ. ಎರಡನೇ ವರ್ಷ ದನ ಬಿಡಬಹುದೇ ಅಂತ ನೋಡಲು ಒಂದು ಪರೀಕ್ಷೆ ಇದೆ. ಹುಲ್ಲಿನ ಹಿಡಿಯನ್ನು ಆಕಳು ನಾಲಿಗೆ ಸುತ್ತಿ ಎಳೆದಂತೆ ಗಬಕ್ಕನೆ ಎಳೆಯಿರಿ. ಎಲೆ ಹರಿದು ಕೈಗೆ ಬಂದರೆ ಬಿಡಿ. ಬೇರು ಸಮೇತ ಬಂದರೆ ಇನ್ನೂ ಒಂದು ಮಳೆಗಾಲ ಕಾಯಿರಿ. ಬಿಟ್ಟರೂ ಮೊದಲು ಆಕಳು, ಹಿಂದೆ ಆಡು. ಆಡು ಬುಡಕ್ಕೇ ಬಾಯಿ ಹಾಕುತ್ತದೆ ಅಂತ ನಿಮಗೆ ನಾನು ಹೇಳಬೇಕೇ?

ಒಂದು ಸಮಾಧಾನ: ಮಳೆಗಾಲದ ಮೊದಲಿಗೆ ದನ ಸ್ಟೈಲೋವನ್ನು ಬಿಟ್ಟು ಹಸಿ ಹುಲ್ಲೇ ಹುಡುಕುತ್ತವೆ. ಹುಲ್ಲು ಬಲಿತ ಮೇಲೆ ಸ್ಟೈಲೋಗೆ ಬರುತ್ತವೆ. ಅಷ್ಟರಲ್ಲಿ ಅದು ಬೇರು ಬಿಟ್ಟಿರುತ್ತದೆ.

ಕಮೆಂಟ್ (ಔರಾದ ತಾಲೂಕಿನವರೇ, ಬೇರೆ ಊರು)

ಬಳ್ಳಾರಿ ಜಾಲಿ ಹಚ್ಚಿಬಿಡ್ರಿ, ಯಾರೂ ಮುಟ್ಟಲ್ಲ, ಮಣ್ಣೂ ನಿಲ್ತದ, ಉರುವಲಾ ಆಗ್ತದ. ಮತ್ತ ಹುಲ್ಲು ಬೆಳದ್ರ ಕೃಷ್ಣಮೃಗ ಹಿಂಡು ಬಂದು ತಿಂದು ಹೋಗ್ತಾವ.

ಉತ್ತರ

ಬಳ್ಳಾರಿ ಜಾಲಿ ಹಚ್ಚುವುದು ಸುಲಭ, ತೆಗೆಯುವುದು ನಿಮ್ಮ ಮೊಮ್ಮಗನಿಂದಲೂ ಆಗುವುದಿಲ್ಲ. ಅದರ ಬುಡದಲ್ಲಿ ಹುಲ್ಲು ಬರುವುದಿಲ್ಲ, ಮಣ್ಣು ಬರಿದೇ ಇರುತ್ತದೆ. ಅದರ ಕಾಯಿ ತಿಂದ ಕುರಿ ಹಿಕ್ಕೆಯಲ್ಲೇ ಅದರ ಬೀಜ ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಕುರಿ ತರುಬಿಸುವವರು ಇದನ್ನು ನೆನಪಿಡಿ: ಕುರಿ ಎಲ್ಲಿ ಮೇದು ಬಂದಿವೆ ಅಂತ ಕುರುಬರನ್ನು ಕೇಳಿಯೇ ಹಟ್ಟಿ ಹಾಕಿಸಿ. ಹಾಕಿಸುವುದಾದರೆ ಹೊಲದ ಮೇಲಿನ ತುದಿಗೆ, ಗುಂಡಿ ಸಾಲಿನ ಮೇಲ್ಗಡೆ. ಸಾರ ಇಳಿದು ಗುಂಡಿಗೇ ಬರುತ್ತದೆ.

ಕೃಷ್ಣಮೃಗ ಬಂದರೆ ಬರಲಿ ಬಿಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ, ಕಲ್ಲು ಎಸೆಯುವ ಮೊದಲೂ ಯೋಚಿಸಿ. ಬೀದರಿನ ಈ ಬಯಲು ಹುಲ್ಲು ನಮ್ಮ ಆಕಳಿಗಿಂತ ಮುಂಚೆ ಅದರದ್ದು. ಮೊದಲ ವರ್ಷದ ಎಳೆ ಪಟ್ಟಿಗೆ ತೊಗರಿ ಕಟ್ಟಿಗೆ ಹೊದಿಕೆ ಇದ್ದರೆ ಹೆಚ್ಚೇನೂ ನಷ್ಟ ಮಾಡುವುದಿಲ್ಲ.

ಪ್ರಶ್ನೆ (ಹುಮನಾಬಾದ)

ಗುಂಡಿ ದಂಡಿಗಿ ಲಾವಂಚ ಹಚ್ಚಿದ್ರ ಹ್ಯಾಂಗ?

ಉತ್ತರ

ಚೆನ್ನಾಗಿರುತ್ತದೆ. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಬದುವಿಗೆ ಅದನ್ನೇ ಇಟ್ಟುಕೊಂಡು ಬಂದಿದ್ದಾರೆ. ಬುಡ ಬಿಡಿಸಿ ಗೇಣಿಗೊಂದರಂತೆ ಒತ್ತಾಗಿ ಹಚ್ಚಿ, ಸಂದಿ ಬಿಟ್ಟರೆ ನೀರು ಅಲ್ಲೇ ನುಗ್ಗುತ್ತದೆ. ಬಲಿತ ಎಲೆಯನ್ನು ಆಡು ಅಷ್ಟಾಗಿ ಮುಟ್ಟುವುದಿಲ್ಲ. ಬೇರಿಗೆ ರೇಟು ಇದೆ ಅಂತ ಯಾರಾದರೂ ಬಂದು ಕೇಳಿದರೆ ಕೊಡಬೇಡಿ, ಬೇರು ಕಿತ್ತರೆ ಬದುವೇ ಕಿತ್ತಂಗೆ.

ಔರಾದಿನವರು (ಐದು ವಾರದ ಮ್ಯಾಲ)

ಸರ್, ಅರ್ಧ ಎಕರೆದಾಗ ಮೂವತ್ತೊಂದು ಗುಂಡಿ ಆಗ್ಯಾವ, ಕೊರಕಲಿಗಿ ಮೂರು ಕಲ್ಲಿನ ತಡಿ. ನಿನ್ನೆ ರಾತ್ರಿ ಮಿರಗ ಬಂತು, ಮುಂಜಾನೆ ಹೋಗಿ ನೋಡಿದ್ರ ಎಲ್ಲಾ ಗುಂಡ್ಯಾಗ ಕೆಂಪು ನೀರು ನಿಂತಿತ್ತು. ಮೂರನೇ ಸಾಲಿನ್ಯಾಗ ಮಾತ್ರ ಎಡಕಿನ ಎರಡು ಗುಂಡಿ ತುಂಬಿ ಹರದಾವ, ಬಲಕಿನ ಗುಂಡ್ಯಾಗ ನೀರೇ ಇಲ್ಲ. ಬೀಜ ಅಂತೂ ನೂರರಾಗ ಐವತ್ತೆರಡು ಮೊಳತಾವ.

ಉತ್ತರ

ಐವತ್ತೆರಡು ಚಲೋನೇ. ಮೂರನೇ ಸಾಲು ಎಡಕ್ಕೆ ವಾಲಿದೆ. ಕಟ್ಟಿಗೆಯ ಕಾಲು ಅದಲು ಬದಲು ಮಾಡಿ ಎರಡನೇ ಗೀಟು ಹಾಕಿದ್ರೋ, ಇಲ್ಲಾ ಒಂದೇ ಗೀಟಿನ ಮೇಲೆ ಹೋದ್ರೋ?

ಔರಾದಿನವರು

ಮೊದಲ ಎರಡು ಸಾಲಿಗಿ ಹಾಕಿದ್ದೆ ಸರ್. ಮೂರನೇದಕ್ಕ ದಾರ ಹರೀತು, ಹೊಸಾ ದಾರ ಕಟ್ಟಿದೆ, ಗೀಟು ಹಳೇದೇ ಇಟ್ಟೆ. ಕಾಲಿಗಿ ಮಣ್ಣೂ ಹತ್ತಿತ್ತು.

ಉತ್ತರ

ಹೊಸ ದಾರವನ್ನು ಬೇರೆ ಜಾಗಕ್ಕೆ ಕಟ್ಟಿದ್ದರೂ, ಒಂದೇ ಕಾಲಿಗೆ ಮಣ್ಣು ಮೆತ್ತಿದ್ದರೂ ಹಳೆಯ ಗೀಟು ತಪ್ಪುತ್ತದೆ. ಎಡಗಡೆಯ ಎರಡು ಗುಂಡಿಯ ಕೆಳಗಿನ ದಂಡೆಗೆ ಅರ್ಧ ಅಡಿ ಮಣ್ಣು ಏರಿಸಿ ತುಳಿಯಿರಿ, ಗುಂಡಿ ಗುಂಡಿಯ ನಡುವಿನ ಐದಡಿ ಜಾಗದಲ್ಲಿ ನೀರು ಹಾಯ್ದ ಕಡೆ ಎರಡು ಕಲ್ಲಿಡಿ. ನಾಲ್ಕನೇ ಸಾಲಿಗೆ ಹೋಗುವ ಮೊದಲು ಕಾಲು ಒರೆಸಿ, ಗೀಟು ಹೊಸದಾಗಿ ಹಾಕಿ. ಬಿಸಿನೀರು ಇನ್ನೂ ಇಡಬೇಡಿ, ಇನ್ನೊಂದು ಮಳೆ ಆಗಲಿ.